ಎರಡೂವರೆ ಮಿಲಿಮೀಟರ್

ಬಲಗೈಯಲ್ಲಿ ಮಾತ್ರ ಉಗುರು ಬೆಳೆಸಿಕೊಂಡ ಗಂಡಸನ್ನು ನಮ್ಮ ಊರಿನಲ್ಲಿ ಯಾರೂ ಪೂರ್ತಿಯಾಗಿ ನಂಬುವುದಿಲ್ಲ. ನನ್ನ ಎಡಗೈ ನೋಡಿದರೆ ಶಾಲೆಯ ಮೊದಲ ದಿನಕ್ಕೆ ಹೊರಟ ಹುಡುಗನ ಕೈ. ಬಲಗೈ ನೋಡಿದರೆ ಹದ್ದಿನ ದೂರದ ಸಂಬಂಧಿ. ಬ್ಯಾಂಕಿನಲ್ಲಿ ಕಿಟಕಿಯಾಚೆ ಕುಳಿತ ಹೆಂಗಸು ಮೊದಲು ಕೈ ನೋಡುತ್ತಾಳೆ, ಆಮೇಲೆ ಮುಖ, ಎಲ್ಲಕ್ಕಿಂತ ಕೊನೆಗೆ ಗುರುತಿನ ಚೀಟಿ. ಇರಲಿ, ನನ್ನ ದೂರು ಅವಳ ಮೇಲಲ್ಲ. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ನನ್ನ ಹೆಂಡತಿ ಮಿಲಾದಾ ಕೂಡ ಈ ಉಗುರುಗಳನ್ನು ಸಂಗೀತದ ಅಗತ್ಯವೆಂದು ಒಪ್ಪದೆ, ಪಾತ್ರೆ ತೊಳೆಯುವುದರಿಂದ ತಪ್ಪಿಸಿಕೊಳ್ಳಲು ನಾನು ಹೂಡಿದ ಸಂಚೆಂದು ತಿಳಿದಿದ್ದಾಳೆ. ಅದೇ ನನ್ನ ದೂರು. (ಸಂಚಿನ ಅಂಶ ಇದೆ. ಆದರೆ ಶೇಕಡಾ ಇಪ್ಪತ್ತನ್ನು ಮೀರುವುದಿಲ್ಲ.)

ನನ್ನ ಹೆಸರು ಓಟಾಕರ್. ಸಾಜಾವಾ ನದಿಯ ದಂಡೆಯ ಈ ಸಣ್ಣ ಊರಿನಲ್ಲಿ ಕುಡಿಯುವ ನೀರನ್ನು ಪರೀಕ್ಷಿಸುವ ರಸಾಯನಶಾಸ್ತ್ರಜ್ಞ. ಹಗಲೆಲ್ಲ ನೀರು, ಸಂಜೆಯೆಲ್ಲ ಗಿಟಾರ್. ಅದೂ ಎಂಥ ಗಿಟಾರ್ ಅಂದರೆ, ಅಮೆರಿಕದ ಕೆಂಟಕಿ ಗುಡ್ಡಗಳ ಕಲ್ಲಿದ್ದಲು ಗಣಿಯವರು ನುಡಿಸುತ್ತಿದ್ದ ರೀತಿಯದು. ಹೆಬ್ಬೆರಳಿಗೊಂದು ಪ್ಲಾಸ್ಟಿಕ್ ಉಂಗುರ ತೊಟ್ಟು ಅದರಲ್ಲಿ ಮಂದ್ರದ ತಂತಿಗಳನ್ನು ಗಡಿಯಾರದಂತೆ ಮೀಟುತ್ತಿರಬೇಕು. ಮಿಕ್ಕ ಮೂರು ಬೆರಳುಗಳು ಅದರ ಮೇಲೆ ತಮ್ಮ ಪಾಡಿಗೆ ಹಾಡಿಕೊಂಡಿರಬೇಕು. ಚೆನ್ನಾಗಿ ನುಡಿಸಿದರೆ ಇಬ್ಬರು ನುಡಿಸಿದಂತೆ ಕೇಳುತ್ತದೆ. ಕೆಟ್ಟದಾಗಿ ನುಡಿಸಿದರೆ ಇಬ್ಬರು ಜಗಳವಾಡಿದಂತೆ.

ನಾನು ಯುವಕನಾಗಿದ್ದಾಗ, ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ, ನಮ್ಮ ದೇಶದಿಂದ ಅಮೆರಿಕಕ್ಕೆ ಹೋಗುವುದು ಚಂದ್ರನಿಗೆ ಹೋಗುವುದಕ್ಕಿಂತ ಕಷ್ಟವಿತ್ತು. ಚಂದ್ರನಿಗೆ ಹೋಗುವವರ ಅರ್ಜಿ ತಿರಸ್ಕರಿಸಲು ಊರಿನಲ್ಲಿ ಕಚೇರಿ ಇರಲಿಲ್ಲ. ಹಾಗಾಗಿ ನಾವು ಹೋಗಲಿಲ್ಲ, ಸಂಗೀತವೇ ಬಂತು. ಟೇಪಿನಿಂದ ಟೇಪಿಗೆ ನಕಲಾಗಿ, ನಕಲಿನ ನಕಲಾಗಿ, ಮಳೆಯಲ್ಲಿ ನೆನೆದ ಕಾಗದದಂತೆ ಮಸುಕಾಗಿ ಬಂತು. ಹತ್ತೊಂಬತ್ತನೇ ವಯಸ್ಸಿನಲ್ಲಿ ನನ್ನ ಕೈಗೆ ಡೆಲ್ಮಸ್ ರಡ್ ಎಂಬ ಕೆಂಟಕಿಯವನ ‘ಬೇಲಿ ಹಾರಿದ ಹುಂಜ’ ಎಂಬ ಕೃತಿಯ ಟೇಪು ಸಿಕ್ಕಿತು. ಮೂರು ಚಳಿಗಾಲ ಕಳೆದು ಅದು ನನ್ನ ಬೆರಳಿಗೆ ಬಂತು. ಇವತ್ತಿಗೂ ನನಗೆ ಇಂಗ್ಲಿಷ್ ಬಾರದು (ಶಾಲೆಯಲ್ಲಿ ನಮಗೆ ಕಲಿಸಿದ್ದು ರಷ್ಯನ್), ಆದರೆ ಹುಂಜಕ್ಕೆ ಮಾತಿಲ್ಲ, ಬರೀ ತಂತಿ.

ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮ ಊರಿನ ಸಂಸ್ಕೃತಿ ಭವನದಲ್ಲಿ ‘ಹೆಬ್ಬೆರಳು ಮೇಳ’ ನಡೆಯುತ್ತದೆ. ಸ್ಲೊವೇನಿಯಾದ ಒಬ್ಬ ದಂತವೈದ್ಯ, ಫಿನ್ಲೆಂಡಿನ ಒಬ್ಬ ಬಸ್ ಚಾಲಕ, ಇಟಲಿಯ ಇಬ್ಬರು ಅವಳಿ ಸೋದರರು, ಹೀಗೆ ಕೆಂಟಕಿಯನ್ನು ಕಣ್ಣಿಂದ ನೋಡದವರು ಬಂದು ಕೆಂಟಕಿಯೇ ಬೆರಗಾಗುವಂತೆ ನುಡಿಸಿ ಹೋಗುತ್ತಾರೆ. ಹದಿನಾರು ವರ್ಷ ನಾನು ಅರ್ಜಿ ಹಾಕಿದೆ. ಹದಿನಾರು ವರ್ಷವೂ ನನಗೆ ಕುರ್ಚಿ ಜೋಡಿಸುವ ಕೆಲಸ ಕೊಟ್ಟರು. ಹದಿನೇಳನೆಯ ವರ್ಷ ಪವಾಡ ನಡೆಯಿತು: ಎಂಬತ್ತಮೂರು ವರ್ಷದ ಡೆಲ್ಮಸ್ ರಡ್ ತಾವೇ ಅತಿಥಿಯಾಗಿ ಬರಲು ಒಪ್ಪಿದ್ದರು. ಅವರ ಕಣ್ಣೆದುರು ಹುಂಜವನ್ನು ನುಡಿಸುವ ಧೈರ್ಯ ಯಾರಿಗೂ ಬರಲಿಲ್ಲ. ದಂತವೈದ್ಯರೂ ಹಿಂದೆ ಸರಿದರು. ನಾಲ್ಕು ನಿಮಿಷದ ಆ ಜಾಗ ನನಗೆ ಬಂತು.

ಈಗ ಉಗುರಿನ ವಿಷಯ. ತಂತಿಯ ನಾದ ಬೆಳ್ಳಿಯಂತೆ ಮೊಳಗಬೇಕಾದರೆ ಉಗುರು ಬೆರಳ ತುದಿಯಿಂದ ಎರಡೂವರೆ ಮಿಲಿಮೀಟರ್ ಮುಂದಿರಬೇಕು. ಎರಡಾದರೆ ನಾದ ಮಂಕು, ಮೂರಾದರೆ ತಂತಿಗೆ ಸಿಕ್ಕಿಕೊಳ್ಳುತ್ತದೆ. ಉಗುರು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಬೆಳೆಯುತ್ತದೆ. ಹೀಗಾಗಿ ಜುಲೈ ತಿಂಗಳಿನಲ್ಲೇ ನಾನು ಮನೆಗೆಲಸಗಳನ್ನೆಲ್ಲ ಅಪಾಯದ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಿ ಪಟ್ಟಿ ಮಾಡಿದೆ. ಪಾತ್ರೆ ತೊಳೆಯುವುದು ‘ಅತಿ ಅಪಾಯ’: ಬಿಸಿನೀರಿಗೆ ಉಗುರು ಮೆತ್ತಗಾಗುತ್ತದೆ. ಡಬ್ಬಿಯ ಮುಚ್ಚಳ ತೆರೆಯುವುದು ‘ಅಪಾಯ’. ಹಾಸಿಗೆಯ ಹೊದಿಕೆ ಬದಲಿಸುವುದು ‘ಅನಿರೀಕ್ಷಿತ ಅಪಾಯ’. ಕೊನೆಗೆ ‘ಅಪಾಯವಿಲ್ಲ’ ಎಂಬ ಕಾಲಮ್ಮಿನಲ್ಲಿ ಊಟ ಮಾಡುವುದು ಮತ್ತು ಹವಾಮಾನ ವರದಿ ಕೇಳುವುದು ಮಾತ್ರ ಉಳಿದವು. ಮಿಲಾದಾ ಪಟ್ಟಿಯನ್ನು ಎರಡು ಸಲ ಓದಿ, ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಅಂಟಿಸಿದಳು. ತೊಳೆಯುವಾಗ ಓದಲು ಬೇಕಂತೆ.

ಮೇಳಕ್ಕೆ ಸರಿಯಾಗಿ ಏಳು ದಿನ ಮೊದಲು, ಒಂದು ಶನಿವಾರ, ನಮ್ಮ ಅಂಗಳದಲ್ಲಿ ಪ್ಲಮ್ ಹಣ್ಣಿನ ಲೇಹ್ಯ ಕಾಯಿಸುವ ದಿನ. ಸಕ್ಕರೆ ಹಾಕದೆ, ತಾಮ್ರದ ಹಂಡೆಯಲ್ಲಿ, ಹತ್ತು ಗಂಟೆ ಕೈ ಬಿಡದೆ ತಿರುವುತ್ತ ಕಾಯಿಸುವ ಲೇಹ್ಯ. ಅದಕ್ಕೂ ಮೊದಲು ನಲವತ್ತು ಕಿಲೋ ಹಣ್ಣಿನ ಬೀಜ ಬಿಡಿಸಬೇಕು. ಈ ಮಹಾಯಜ್ಞದ ಅಧ್ಯಕ್ಷತೆ ಕೆಳಗಿನ ಮನೆಯಲ್ಲಿರುವ ನನ್ನ ಅತ್ತೆ ವ್ಲಸ್ತಾ ಅವರದು. ವಯಸ್ಸು ಎಪ್ಪತ್ತೊಂಬತ್ತು. ನನ್ನ ಮೇಲೆ ಸಂತೋಷವಾದಾಗ ಓಟಿಕ್ ಎನ್ನುತ್ತಾರೆ. ಮಿಕ್ಕ ದಿನಗಳಲ್ಲಿ ನಾನು ಇಂಜಿನಿಯರ್ ಸಾಹೇಬ. (ನಮ್ಮಲ್ಲಿ ರಸಾಯನ ಓದಿದವನಿಗೂ ಇಂಜಿನಿಯರ್ ಬಿರುದೇ ಸಿಗುತ್ತದೆ. ಹೊರಗಿನವರು ಅದನ್ನು ಗೌರವಕ್ಕೆ ಬಳಸುತ್ತಾರೆ.)

“ಇಂಜಿನಿಯರ್ ಸಾಹೇಬರ ಕೈಗೆ ಇವತ್ತೂ ರಜಾನಾ?” ಎಂದರು ಅತ್ತೆ, ನನ್ನ ಬಲಗೈಯ ಚರ್ಮದ ಕೈಗವಸು ನೋಡಿ.

“ಬರೋ ಶನಿವಾರದವರೆಗೆ ಅಷ್ಟೇ, ಅಮ್ಮ.”

“ನಮ್ಮನೆಯೋರು ಎರಡು ಬೆರಳು ಗರಗಸಕ್ಕೆ ಕೊಟ್ಟಿದ್ರು. ಆದ್ರೂ ಉಳಿದ ಎಂಟರಲ್ಲಿ ನನಗಿಂತ ಬೇಗ ಬಿಡಿಸೋರು.”

ನಾನು ಸುಮ್ಮನೆ ಕೂರುವವನಲ್ಲ. ಎಡಗೈಯಲ್ಲಿ ಉಷ್ಣಮಾಪಕ ಹಿಡಿದು ಹಂಡೆಯ ಪಕ್ಕ ಕುಳಿತೆ. ಹತ್ತು ನಿಮಿಷಕ್ಕೊಮ್ಮೆ ಉಷ್ಣಾಂಶವನ್ನು ಗಟ್ಟಿಯಾಗಿ ಓದಿ ಹೇಳಿದೆ. ತೊಂಬತ್ತೆಂಟು ಡಿಗ್ರಿ ಎಂದಾಗ, ಕುದೀತಿರೋದು ನಮಗೂ ಕಾಣ್ತಿದೆ ಎಂದರು ಅತ್ತೆ. ಮಿಲಾದಾ ತಲೆ ಎತ್ತಲಿಲ್ಲ. ಅವಳ ಹತ್ತೂ ಬೆರಳುಗಳು ಹಣ್ಣಿನ ರಸಕ್ಕೆ ಕಂದು ನೇರಳೆಯಾಗಿದ್ದವು. ಅದು ವಾರಗಟ್ಟಲೆ ಹೋಗುವ ಬಣ್ಣವಲ್ಲ.

ಮಧ್ಯಾಹ್ನ ಮೂರಕ್ಕೆ ನನಗೆ ಒಂದು ಹಣ್ಣು ತಿನ್ನುವ ಆಸೆಯಾಯಿತು. ಒಂದೇ ಒಂದು. ಎಡಗೈಯಲ್ಲಿ ಉಷ್ಣಮಾಪಕವಿತ್ತು. ಬಲಗೈಯ ಕೈಗವಸು ತೆಗೆದೆ, ಬುಟ್ಟಿಯಲ್ಲಿ ತೀರಾ ಮಾಗಿದ್ದನ್ನು ಆರಿಸಿದೆ, ಬೆರಳಿನಿಂದ ಒತ್ತಿ ಸೀಳಿದೆ. ಬೀಜದ ಚೂಪು ತುದಿ ನಡುಬೆರಳಿನ ಉಗುರಿನ ಅಡಿಗೆ ಸಿಕ್ಕಿತು. ಟಿಕ್ ಎಂದು ಒಂದು ಸಣ್ಣ ಸದ್ದು.

ಉಗುರು ಬೆರಳ ತುದಿಯ ಮಟ್ಟಕ್ಕೆ ಮುರಿದಿತ್ತು. ಹಂಡೆ ಕೂಡ ಒಂದು ಗುಳ್ಳೆ ತಡೆದುಕೊಂಡಿತು ಎಂದೇ ನನ್ನ ನೆನಪು.

“ನಲವತ್ತು ಕಿಲೋ,” ಎಂದರು ಅತ್ತೆ ಕೊನೆಗೆ. “ಅದರಲ್ಲಿ ಒಂದು ಹಣ್ಣು. ಅದೂ ಬಾಯಿಗೆ.”

ಮಿಲಾದಾ ಮಾತ್ರ ನಗಲಿಲ್ಲ. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು ಬಂದು ನನ್ನ ಬೆರಳು ಹಿಡಿದು ನೋಡಿದಳು.

“ನೋವಾಗ್ತಿದೆಯಾ?”

“ಇಲ್ಲ. ಏಳು ದಿನಕ್ಕೆ ಶೂನ್ಯ ದಶಾಂಶ ಏಳು ಬೆಳೆಯತ್ತೆ. ಒಂದು ದಶಾಂಶ ಎಂಟು ಮಿಲಿಮೀಟರ್ ಕೊರತೆ.”

“ಹಾಗಾದ್ರೆ ನೋವಾಗ್ತಿದೆ,” ಎಂದಳು.

ಚೌಕದಲ್ಲಿ ಉಗುರಿನ ಅಂಗಡಿ ಇದೆಯಲ್ಲ, ಅಲ್ಲಿ ಕೃತಕ ಉಗುರು ಕಟ್ಟಿಸಿಕೋ ಎಂದು ಅವಳೇ ಮೊದಲು ಹೇಳಿದ್ದು. ನಾನು ಒಪ್ಪಲಿಲ್ಲ. ಆ ಅಂಗಡಿಗೆ ಮೂರು ಆಳೆತ್ತರದ ಗಾಜಿನ ಕಿಟಕಿ. ಒಳಗೆ ಕುಳಿತವರು ಇಡೀ ಚೌಕಕ್ಕೆ ಪ್ರದರ್ಶನದ ವಸ್ತು. ಮೂವತ್ತೆರಡು ವರ್ಷ ಈ ಊರಿಗೆ ಶುದ್ಧ ನೀರು ಕುಡಿಸಿದವನು ಅಲ್ಲಿ ಕೈ ಚಾಚಿ ಕೂರಬಹುದೇ. ಅಲ್ಲದೆ ಗಿಟಾರಿನವರಿಗೆ ನಮ್ಮದೇ ಒಂದು ಪರಂಪರಾಗತ ಉಪಾಯವಿದೆ: ಪಿಂಗ್‌ಪಾಂಗ್ ಚೆಂಡು. ಚೆಂಡಿನಿಂದ ಉಗುರಿನಾಕಾರದ ಚೂರು ಕತ್ತರಿಸಿ, ಕ್ಷಣದಲ್ಲಿ ಹಿಡಿಯುವ ಗೋಂದಿನಿಂದ ಅಂಟಿಸಿ, ಉಜ್ಜಿ ನಯ ಮಾಡಿದರೆ ಆಯಿತು. ವಕ್ರತೆ ಕೂಡ ಹೆಚ್ಚುಕಡಿಮೆ ಹೊಂದುತ್ತದೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಶಸ್ತ್ರಚಿಕಿತ್ಸೆ ನಡೆಯಿತು. ಮೂರು ಚೆಂಡು ಹಾಳಾದ ಮೇಲೆ ನಾಲ್ಕನೆಯದರಲ್ಲಿ ಬೇಕಾದ ಆಕಾರ ಸಿಕ್ಕಿತು. ಗೋಂದು ಹಚ್ಚಿದೆ, ಇಟ್ಟೆ, ಹೆಬ್ಬೆರಳಿನಿಂದ ಒತ್ತಿ ಮೂವತ್ತು ಎಣಿಸಿದೆ. ಉಗುರು ಭದ್ರವಾಗಿ ಅಂಟಿತ್ತು. ಹೆಬ್ಬೆರಳೂ ಅಷ್ಟೇ ಭದ್ರವಾಗಿ ಅಂಟಿತ್ತು. ಎಲ್ಲ ಬಹಳ ರುಚಿಯಾಗಿದೆ ಎಂದು ಯಾರಿಗೋ ಸನ್ನೆ ಮಾಡುತ್ತಿರುವಂತೆ ನನ್ನ ಕೈ ಗಾಳಿಯಲ್ಲಿ ನಿಂತಿತು. ಅದೇ ಹೊತ್ತಿಗೆ ಅತ್ತೆ ಊಟಕ್ಕೆ ಕಡುಬು ತಂದರು.

“ಇನ್ನೂ ತಿಂದೇ ಇಲ್ಲ, ಆಗಲೇ ಹೊಗಳ್ತಿದಾರೆ,” ಎಂದರು ಮಗಳಿಗೆ.

ಗಾಬರಿಪಡಲಿಲ್ಲ. ಆ ಗೋಂದು ಯಾವುದರಲ್ಲಿ ಕರಗುತ್ತದೆ ಎಂಬುದು ನನಗೆ ಗೊತ್ತಿತ್ತು, ಗೊತ್ತಿರಲೇಬೇಕು. ಉಗುರುಬಣ್ಣ ತೆಗೆಯುವ ಅಸಿಟೋನ್ ತರಿಸಿ, ಒಂದು ಬಟ್ಟಲಿಗೆ ಸುರಿದು, ಬೆರಳುಗಳನ್ನು ಮುಳುಗಿಸಿ, ಅಣುಗಳು ಹೇಗೆ ಬಿಡಿಸಿಕೊಳ್ಳುತ್ತವೆ ಎಂದು ಇಬ್ಬರಿಗೂ ವಿವರಿಸಿದೆ. ಆರು ನಿಮಿಷದಲ್ಲಿ ಹೆಬ್ಬೆರಳು ಬಿಟ್ಟುಕೊಂಡಿತು. ನಡುಬೆರಳಿನ ತುದಿಯಲ್ಲಿ ಮಾತ್ರ ಯಾರೋ ಅಗಿದು ಉಗುಳಿದಂಥ ಬಿಳಿಯ ಲೋಳೆ ಜೋತಾಡುತ್ತಿತ್ತು. ಪಿಂಗ್‌ಪಾಂಗ್ ಚೆಂಡು ಕೂಡ ಅಸಿಟೋನಿನಲ್ಲಿ ಕರಗುತ್ತದೆ. ಇದು ನಮ್ಮ ಎರಡನೇ ವರ್ಷದ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಆಗ ನಾನು ಸರಿಯಾಗಿ ಉತ್ತರಿಸಿದ್ದೆ.

ಆ ಸಂಜೆ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ಮೇಳದವರಿಗೆ ಫೋನು ಮಾಡಿ ಈ ಸಲವೂ ಕುರ್ಚಿ ಜೋಡಿಸುತ್ತೇನೆ ಎಂದು ಹೇಳಬೇಕೆಂದಿದ್ದೆ. ಮಿಲಾದಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಗುರುವಾರ ನಾಲ್ಕಕ್ಕೆ ಉಗುರಿನ ಅಂಗಡಿಗೆ ಹೋಗಬೇಕು, ಎಲ್ಲ ಗೊತ್ತುಮಾಡಿದ್ದೇನೆ ಎಂದಳು. ನಾಚಿಕೆಯಾದರೆ ಟೋಪಿ ಹಾಕಿಕೋ ಎಂದಳು.

ಟೋಪಿ ಹಾಕಿಕೊಂಡು, ಗಿಟಾರ್ ಹೊತ್ತುಕೊಂಡು ಹೋದೆ. (ಟೋಪಿ ಹಾಕಿ ಗಿಟಾರ್ ಹೊತ್ತವನನ್ನು ಯಾರೂ ಗಮನಿಸುವುದಿಲ್ಲ ಎಂಬುದು ನನ್ನ ಲೆಕ್ಕ.) ಅಂಗಡಿಯ ಒಡತಿ ವಿಯೆಟ್ನಾಮಿನಿಂದ ಬಂದು ಇಪ್ಪತ್ತು ವರ್ಷವಾದ ತುಯೆತ್. ಆ ಹೆಸರು ಊರಿನ ನಾಲಿಗೆಗೆ ಹೊರಳದೆ ಎಲ್ಲರೂ ಆಕೆಯನ್ನು ಅಲೇನಾ ಎಂದು ಕರೆಯುತ್ತಾರೆ. ಪಕ್ಕದ ಕುರ್ಚಿಯಲ್ಲಿ ನಮ್ಮ ನೀರು ಮಂಡಳಿಯ ನಿರ್ದೇಶಕರ ಹೆಂಡತಿ ಕುಳಿತಿದ್ದರು. ನಮಸ್ಕಾರ ಮಾಡಿದೆ. ಅವರೂ ಮಾಡಿದರು, ಒಂದು ಕ್ಷಣ ಯೋಚಿಸಿ.

ಎಷ್ಟು ಉದ್ದ ಬೇಕು ಎಂದು ತುಯೆತ್ ಕೇಳಿದಳು. ಎರಡೂವರೆ ಮಿಲಿಮೀಟರ್ ಎಂದೆ. ಆಕೆ ನಗಲಿಲ್ಲ, ಹುಬ್ಬೇರಿಸಲಿಲ್ಲ. ಕಣ್ಣಂದಾಜಿನಲ್ಲೇ ಕಟ್ಟಿ, ದೀಪದ ಕೆಳಗೆ ಒಣಗಿಸಿದಳು. ನಾನು ಜೇಬಿನಿಂದ ಅಳತೆಯ ಸಾಧನ ತೆಗೆದು ನೋಡಿದೆ: ಎರಡು ದಶಾಂಶ ಐದು. ಗಿಟಾರ್ ತೆಗೆದು ನಾಲ್ಕು ಸ್ವರ ನುಡಿಸಿದೆ. ಒಂಚೂರು ಗೀರಿದಂತೆ ಕೇಳಿಸಿತು. ಆಕೆಯೂ ಕಿವಿಗೊಟ್ಟಿದ್ದಳು, ಎಡಬದಿ ಚೂಪಾಯ್ತು, ಕೊಡಿ ಎಂದು ಉಜ್ಜಿದಳು. ಮತ್ತೆ ನುಡಿಸಿದೆ, ಮತ್ತೆ ಉಜ್ಜಿದಳು. ಮೂರನೆಯ ಸಲ ನಾದ ಹೊಮ್ಮಿದಾಗ ಅಂಗಡಿಯ ಯಂತ್ರಗಳೆಲ್ಲ ನಿಂತಿದ್ದವು. ನಿರ್ದೇಶಕರ ಹೆಂಡತಿ ಅರ್ಧ ಕೆಂಪಾದ ಕೈಯನ್ನು ಹಾಗೆಯೇ ಹಿಡಿದುಕೊಂಡು ಕೇಳುತ್ತಿದ್ದರು. ಇಷ್ಟು ನಿಖರವಾಗಿ ಕೆಲಸ ಮಾಡುವವರನ್ನು ನಾನು ಪ್ರಯೋಗಾಲಯದಲ್ಲೂ ಕಂಡಿಲ್ಲ. ಆಕೆಯ ಹೆಸರನ್ನು ಸರಿಯಾಗಿ ಹೇಳಲು ಕಲಿಯುವುದೇ ನಾನು ಸಲ್ಲಿಸಬಹುದಾದ ಮರ್ಯಾದೆ ಎನಿಸಿ, ಅಲ್ಲೇ ಐದಾರು ಸಲ ಅಭ್ಯಾಸ ಮಾಡಿದೆ.

ಹೊರಡುವಾಗ ಮೆಲ್ಲಗೆ ಕೇಳಿದೆ. “ಇದಕ್ಕೆ ನೀರು ತಾಗಬಾರದು ಅಂತ ಒಂದು ಚೀಟಿ ಬರೆದುಕೊಡ್ತೀರಾ? ಮನೆಯಲ್ಲಿ ತೋರಿಸೋಕೆ.”

“ಯಾಕೆ? ನನ್ನ ಕೈಯಲ್ಲೂ ಇದೇ ಇದೆ. ದಿನಾ ಪಾತ್ರೆ ತೊಳೀತೀನಿ.” ಆಮೇಲೆ ತನ್ನ ಪುಸ್ತಕ ತಿರುವುತ್ತ ಸೇರಿಸಿದಳು. “ಮಿಲಾದಾ ಅವರಿಗೆ ಈ ವಾರ ಬೇರೆ ಸಮಯವೇ ಇಲ್ಲ ಅಂತ ಹೇಳಿ. ಇದು ಅವರದ್ದೇ ಸಮಯ, ತಿಂಗಳ ಹಿಂದೆ ಬರೆಸಿದ್ದು. ಗಂಡನ ಕಛೇರಿ ಇದೆ, ಮುಂದಿನ ಸಾಲಲ್ಲಿ ಕೂರಬೇಕು, ಕೈ ಚೆನ್ನಾಗಿ ಕಾಣಬೇಕು ಅಂದಿದ್ರು.”

ಮನೆಯವರೆಗಿನ ದಾರಿ ಆರುನೂರ ನಲವತ್ತು ಹೆಜ್ಜೆ. ಟೋಪಿ ಕೈಯಲ್ಲಿ ಹಿಡಿದುಕೊಂಡೇ ನಡೆದೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಭವನ ತುಂಬಿತ್ತು. ರಡ್ ಮುದುಕರು ಮುಂದಿನ ಸಾಲಿನ ನಡುವೆ, ಮೊಣಕಾಲ ಮೇಲೆ ಹ್ಯಾಟು ಇಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿ ಅತ್ತೆ, ಅವರ ಪಕ್ಕ ಮಿಲಾದಾ, ಕೈಗಳನ್ನು ಕೈಚೀಲದ ಅಡಿಯಲ್ಲಿ ಮರೆಮಾಡಿಕೊಂಡು. ನಾನು ಕುಳಿತು, ಹೆಬ್ಬೆರಳಿಗೆ ಉಂಗುರ ತೊಟ್ಟು, ಹುಂಜವನ್ನು ಬಿಟ್ಟೆ. ಆ ನಾಲ್ಕು ನಿಮಿಷ ಹೇಗಿತ್ತೆಂದು ವರ್ಣಿಸುವ ಶಕ್ತಿ ನನಗಿಲ್ಲ. ತುಯೆತ್ ಕಟ್ಟಿದ ಉಗುರು ಒಂದು ಸ್ವರವನ್ನೂ ತಪ್ಪಿಸಲಿಲ್ಲ ಎಂದಷ್ಟೇ ಹೇಳಬಲ್ಲೆ.

ಜನ ಚಪ್ಪಾಳೆ ತಟ್ಟಿದರು. ರಡ್ ತಟ್ಟಲಿಲ್ಲ. ನಿಧಾನವಾಗಿ ಎದ್ದು, ಮೆಟ್ಟಿಲು ಹತ್ತಿ ನನ್ನ ಬಳಿ ಬಂದು ಏನೋ ಹೇಳತೊಡಗಿದರು. ಮೇಳದ ದುಭಾಷಿ ಬಿಯರಿನ ಸಾಲಿನಲ್ಲಿದ್ದ. ನಾನು ಮಿಲಾದಾಳನ್ನು ಮೇಲಕ್ಕೆ ಕರೆದೆ. ಅವಳು ಊರಾಚೆಯ ಕೋಟೆಯಲ್ಲಿ ವಿದೇಶಿಯರಿಗೆ ಮಾರ್ಗದರ್ಶಿ, ಇಂಗ್ಲಿಷ್ ನೀರು ಕುಡಿದಂತೆ. (ಅವಳು ತೋರಿಸುವ ಪ್ರವಾಸದಲ್ಲಿ ಮೂರು ದೆವ್ವಗಳಿವೆ. ಕೋಟೆಯ ದಾಖಲೆಯಲ್ಲಿ ಒಂದೂ ಇಲ್ಲ.)

“ಯಾರು ಅಟ್ಟಿಸಿಕೊಂಡು ಬರ್ತಿದ್ರು ಅಂತ ಕೇಳ್ತಿದಾರೆ,” ಎಂದಳು. “ಅವರು ಈ ಹುಂಜವನ್ನ ಹೇಸರಗತ್ತೆ ನಡೆಯೋ ವೇಗಕ್ಕೆ ಕಟ್ಟಿದ್ದಂತೆ. ನೀನು ರೈಲಿನ ವೇಗಕ್ಕೆ ಓಡಿಸಿದೆಯಂತೆ. ಶ್ರುತಿಯೂ ಒಂದು ಸ್ವರ ಮೇಲಂತೆ.”

ತಲೆಯಲ್ಲಿ ಒಂದು ಲೆಕ್ಕ ತಾನಾಗಿ ಓಡಿತು. ಹತ್ತೊಂಬತ್ತರ ವಯಸ್ಸಿನಲ್ಲಿ ನನ್ನ ಟೇಪ್ ಯಂತ್ರದ ಮೋಟಾರಿನ ಚಕ್ರ ಒಡೆದಿತ್ತು. ಹೊಸದನ್ನು ನಾನೇ ಲೇತಿನಲ್ಲಿ ಕಡೆದು ಹಾಕಿದ್ದೆ. ಹನ್ನೆರಡು ಮಿಲಿಮೀಟರ್ ಇರಬೇಕಾದದ್ದು ಹದಿಮೂರೂವರೆ ಆಗಿತ್ತು. ತಿರುಗುತ್ತಲ್ಲ, ಸಾಕು ಎಂದು ಬಿಟ್ಟಿದ್ದೆ. ಅಂದರೆ ಶೇಕಡಾ ಹನ್ನೆರಡೂವರೆ ಹೆಚ್ಚು ವೇಗ. ನಲವತ್ತು ವರ್ಷ ನಾನು ನನ್ನದೇ ತಪ್ಪಿನ ಹಿಂದೆ ಓಡಿದ್ದೆ. ಮೈಕಿನಲ್ಲಿ ಅದನ್ನು ಒಪ್ಪಿಕೊಂಡೆ. ಮಿಲಾದಾ ಅನುವಾದಿಸಿದಳು. ಮುದುಕರು ಮೊಣಕಾಲು ತಟ್ಟಿಕೊಂಡು ನಕ್ಕರು. ಸಭಿಕರಲ್ಲಿ ದಂತವೈದ್ಯರು ಮಾತ್ರ ನಗಲಿಲ್ಲ. ಅವರು ನನ್ನ ಯಂತ್ರದಿಂದಲೇ ಟೇಪು ನಕಲು ಮಾಡಿಕೊಂಡು ಕಲಿತವರು.

ರಡ್ ಕಣ್ಣೊರೆಸಿಕೊಂಡು ಮತ್ತೆ ಹೇಳಿದರು. ಅಷ್ಟು ವೇಗಕ್ಕೆ ತಮ್ಮ ಯೌವನದಲ್ಲೂ ಬೆರಳು ಓಡುತ್ತಿರಲಿಲ್ಲ, ಹುಂಜ ಬೇಲಿ ಹಾರಿದ್ದನ್ನು ಇವತ್ತೇ ನೋಡಿದ್ದು ಎಂದರಂತೆ. ಕೃತಜ್ಞತೆ ಹೆಚ್ಚಾದಾಗ ಮನುಷ್ಯ ಪೆದ್ದನಾಗುತ್ತಾನೆ. ನಾನು ಬಲಗೈ ಚಾಚಿ ಹೊಳೆಯುವ ಉಗುರುಗಳನ್ನು ತೋರಿಸಿದೆ. ಇದಕ್ಕೆಲ್ಲ ಇವಳೇ ಕಾರಣ ಎಂದು ಮಿಲಾದಾಳತ್ತ ಬೆರಳು ಮಾಡಿದೆ. ಆಗ ಮುದುಕರು ತಮ್ಮ ಬಲಗೈ ಎತ್ತಿದರು. ಮೊಂಡು ಬೆರಳುಗಳು, ಉಗುರೆಂಬುದು ಹೆಸರಿಗೂ ಇಲ್ಲ. ಅವರ ದೃಷ್ಟಿ ಮೈಕು ಹಿಡಿದ ಮಿಲಾದಾಳ ಕಂದು ನೇರಳೆ ಬೆರಳುಗಳ ಮೇಲೆ ನಿಂತಿತು. ಅವಳನ್ನೇ ಏನೋ ಕೇಳಿದರು, ಅವಳೇನೋ ಉತ್ತರಿಸಿದಳು. ಮುದುಕರು ಬಹಳ ಹೊತ್ತು ಮಾತಾಡಿದರು. ಮಿಲಾದಾಳ ಮುಖ ಕೆಂಪಾಯಿತು.

“ಏನಂತೆ?” ಎಂದೆ.

ಮಿಲಾದಾ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದಳು. “ಅರವತ್ತು ವರ್ಷದಿಂದ ದಿನಾ ರಾತ್ರಿ ಊಟ ಆದ ಮೇಲೆ ಮನೆಯ ಪಾತ್ರೆಯೆಲ್ಲ ಅವರೇ ತೊಳೀತಾರಂತೆ. ಬಿಸಿನೀರಲ್ಲಿ ಬೆರಳಿನ ಕೀಲು ತುಕ್ಕು ಹಿಡಿಯಲ್ವಂತೆ. ಅದೇ ಗುಟ್ಟಂತೆ.”

ಭವನದಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಸಿಕ್ಕಿದ್ದಕ್ಕಿಂತ ಅದು ದೊಡ್ಡದಿತ್ತು.

ನಾನು ಅಳತೆಯ ಮನುಷ್ಯ. ಮುದುಕರ ಮಾತು ಸುಮಾರು ಐವತ್ತು ಸೆಕೆಂಡು ಇತ್ತು, ಅನುವಾದ ಹನ್ನೆರಡು. ಮೇಳದವರು ಧ್ವನಿಮುದ್ರಣ ಕಳಿಸಿದ್ದಾರೆ; ಇಂಗ್ಲಿಷ್ ಬಲ್ಲವರು ಪ್ರಯೋಗಾಲಯದಲ್ಲೇ ಇಬ್ಬರಿದ್ದಾರೆ. ಹತ್ತು ನಿಮಿಷದ ಕೆಲಸ. ಆದರೂ ನಾನು ಪರೀಕ್ಷೆ ಮಾಡದೆ ಬಿಟ್ಟ ಒಂದೇ ಒಂದು ಮಾದರಿ ಅದು. ದಿನಾ ಊಟವಾದ ಮೇಲೆ ಅಂಗಿಯ ತೋಳು ಮಡಚಿ ತೊಟ್ಟಿಯ ಮುಂದೆ ನಿಲ್ಲುತ್ತೇನೆ. ಮಿಲಾದಾ ಪಕ್ಕದಲ್ಲಿ ಕಾಫಿ ಕುಡಿಯುತ್ತ ಕೂರುತ್ತಾಳೆ. ಮುದುಕರು ಮಿಕ್ಕ ಮೂವತ್ತೆಂಟು ಸೆಕೆಂಡಿನಲ್ಲಿ ಅವಳಿಗೆ ಏನು ಹೇಳಿದರೋ, ಅದನ್ನು ನೆನೆದು ಕೆಲವೊಮ್ಮೆ ತನ್ನಷ್ಟಕ್ಕೆ ನಗುತ್ತಾಳೆ. ಆ ನಗುವನ್ನು ನೋಡುತ್ತ ತೊಳೆಯುವಾಗ ಕೀಲುಗಳು ನಿಜವಾಗಿಯೂ ಹಗುರಾದಂತೆ ಅನಿಸುತ್ತದೆ.

ಕಳೆದ ಶನಿವಾರ ಅತ್ತೆ ಮೇಲೆ ಬಂದರು. ಅವರಿಗೂ ನನ್ನ ಹಾಗೆ ಇಂಗ್ಲಿಷಿನ ಒಂದಕ್ಷರ ಬಾರದು.

“ಓಟಿಕ್,” ಎಂದರು, ಬಹಳ ದಿನಗಳ ಮೇಲೆ. “ಆ ಅಮೆರಿಕದೋರು ಅವತ್ತು ಇನ್ನೂ ಒಂದು ಹೇಳಿದ್ರಂತೆ ಕಣಪ್ಪ. ಮಿಲಾದಾ ಮೈಕಲ್ಲಿ ಹೇಳೋದು ಮರೆತಳಂತೆ. ರತ್ನಗಂಬಳಿ ಬಡಿಯೋದು ಮಣಿಕಟ್ಟಿಗೆ ತುಂಬಾ ಒಳ್ಳೇದಂತೆ.”

ಕೆಂಟಕಿಯಲ್ಲಿ ನಮ್ಮ ಹಾಗೆ ರತ್ನಗಂಬಳಿಯನ್ನು ಅಂಗಳದ ಕಂಬಿಗೆ ನೇತುಹಾಕಿ ಬಡಿಯುತ್ತಾರೆಯೇ ಎಂದು ನಾನು ಕೇಳಲಿಲ್ಲ. ಎಷ್ಟು ಇವೆ ಎಂದಷ್ಟೇ ಕೇಳಿದೆ. ಅವರದು ಮೂರು, ನಮ್ಮದು ಐದು.